ದೇವರ ಅಂಗಡಿಯೂ ಧಾನ್ಯಗಳ ಕಲಹವೂ

ದೆಹಲಿಯ ಓಖ್ಲಾದ ತರಕಾರಿ ಮಂಡಿಯಲ್ಲಿ ಬೆಳಕು ಹರಿಯುವ ಮುನ್ನವೇ ತೀರ್ಪುಗಳು ಆರಂಭವಾಗುತ್ತವೆ. ಲಾರಿಯಿಂದ ಇಳಿದ ಆಲೂಗೆಡ್ಡೆ, ಈರುಳ್ಳಿ, ಹೂಕೋಸುಗಳಲ್ಲಿ ದಪ್ಪನಾದುದು ಒಂದು ಕಡೆಗೆ, ಚಿಕ್ಕದು ಇನ್ನೊಂದು ಕಡೆಗೆ. ಬಾಡಿದುದೂ ಬಿರಿದುದೂ ನೆಲಕ್ಕೆ. ಒಂದು ಶ್ರೀಮಂತರ ಅಡಿಗೆಮನೆಯನ್ನು ಸೇರುತ್ತದೆ, ಇನ್ನೊಂದು ತಳ್ಳುಗಾಡಿಯನ್ನು. ಉಳಿದುದಕ್ಕೆ ಅದೇ ಓಖ್ಲಾದ ಹೆಸರು ಹೊತ್ತ ಕಸದ ಗುಡ್ಡವಿದೆ. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯವಿರುವುದೂ ಓಖ್ಲಾದಲ್ಲಿಯೇ. ಅಲ್ಲಿ 1982ರಲ್ಲಿ ಸ್ಥಾಪಿತವಾದ ಸಮೂಹ ಸಂವಹನ ಕೇಂದ್ರದಲ್ಲಿ ಚಲನಚಿತ್ರಕಲೆಯನ್ನು ಕಲಿಸುತ್ತಾರೆ. ನಿರ್ಜೀವ ವಸ್ತುವಿಗೆ ಬಾಯಿ ಕೊಡುವ ಕಲೆಯೂ, ಬಾಯಿಲ್ಲದ ವಸ್ತುಗಳನ್ನು ಹೀಗೆ ವಿಂಗಡಿಸುವ ವ್ಯಾಪಾರವೂ ಅಲ್ಲಿ ನೆರೆಹೊರೆ. ವಿಂಗಡಿಸಲ್ಪಟ್ಟ ಈ ಪದಾರ್ಥಗಳಿಗೆ ಮಾತು ಬಂದರೆ ಅವು ಏನು ಹೇಳಿಯಾವು? ಈ ಪ್ರಶ್ನೆಯನ್ನು 16ನೆಯ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಎತ್ತಿದರು. 2016ರಲ್ಲಿ 'ಸಾಸೇಜ್ ಪಾರ್ಟಿ' ಎಂಬ ಅಮೆರಿಕದ ಅನಿಮೇಷನ್ ಚಿತ್ರ ಎತ್ತಿತು. ಒಂದು ಭಕ್ತನ ಕೃತಿ, ಮತ್ತೊಂದು ನಾಸ್ತಿಕರ ಚೇಷ್ಟೆ. ಆದರೂ ಇವನ್ನು ಎದುರುಬದುರಾಗಿ ಇಟ್ಟು ನೋಡಿದಲ್ಲದೆ ವಿಡಂಬನೆಯ ಧೈರ್ಯವೆಂಬುದು ಯಾವುದೆಂಬುದು ಸ್ಪಷ್ಟವಾಗದು.

ಚಿತ್ರದ ನಿರ್ದೇಶಕರು ಕಾನ್ರಾಡ್ ವರ್ನನ್ ಮತ್ತು ಗ್ರೆಗ್ ಟಿಯರ್ನನ್. ಕಥೆಯನ್ನು ಕಲ್ಪಿಸಿದವರಲ್ಲಿ ಮುಖ್ಯನಾದವನು ಹಾಸ್ಯನಟ ಸೇಥ್ ರೋಗನ್. ಪಾತ್ರಗಳು ಮಕ್ಕಳ ಚಿತ್ರದ ಬೊಂಬೆಗಳಂತೆ ದುಂಡುಮುಖದವು. ಅವುಗಳ ಬಾಯಿಂದ ಬರುವ ಮಾತು ಮಾತ್ರ ಮಕ್ಕಳ ಕಿವಿಗೆ ಬೀಳಬಾರದಂತಹುದು. ಹೆಸರಿನಲ್ಲಿಯೇ ದ್ವಂದ್ವಾರ್ಥವಿದೆ. ಸಭ್ಯ ಪ್ರೇಕ್ಷಕನು ಮೊದಲ ಹತ್ತು ನಿಮಿಷಗಳಲ್ಲಿಯೇ ಎದ್ದುಹೋದರೆ ಅವನನ್ನು ತಪ್ಪುಗಾರನೆನ್ನಲಾಗದು. ಕುಳಿತಿದ್ದವನಿಗೆ ಮಾತ್ರ ಈ ಅಶ್ಲೀಲದ ಹೊದಿಕೆಯ ಅಡಿಯಲ್ಲಿ ಒಂದು ಗಟ್ಟಿಯಾದ ಧಾರ್ಮಿಕ ವಿಡಂಬನೆ ಇದೆಯೆಂಬುದು ತಿಳಿಯುತ್ತದೆ.

ಕಥೆ ನಡೆಯುವುದು ಶಾಪ್‌ವೆಲ್ಸ್ ಎಂಬ ಸೂಪರ್ ಮಾರ್ಕೆಟ್ಟಿನಲ್ಲಿ. ಅಲ್ಲಿಯ ಆಹಾರಪದಾರ್ಥಗಳಿಗೆ ಕೊಳ್ಳಲು ಬರುವ ಮನುಷ್ಯರೇ ದೇವರು. ಬಂಡಿಯಲ್ಲಿ ಕುಳಿತು ಬಾಗಿಲು ದಾಟುವುದೇ ಮೋಕ್ಷ. ಬಾಗಿಲಿನ ಆಚೆಗಿರುವುದು ಆನಂದಮಯವಾದ ಪರಲೋಕ. ಅಂಗಡಿ ತೆರೆಯುವ ಮೊದಲು ಅವೆಲ್ಲವೂ ಸೇರಿ ಪ್ರಾತಃಕಾಲದ ಸ್ತೋತ್ರವೊಂದನ್ನು ಹಾಡುತ್ತವೆ. ಇದಕ್ಕೆ ರಾಗ ಹಾಕಿದವನು ಆಲನ್ ಮೆಂಕನ್. 'ಬ್ಯೂಟಿ ಅಂಡ್ ದ ಬೀಸ್ಟ್', 'ಅಲ್ಲಾದ್ದೀನ್' ಮೊದಲಾದ ಡಿಸ್ನಿಯ ಮಕ್ಕಳ ಚಿತ್ರಗಳಿಗೆ ಸಂಗೀತ ಕೊಟ್ಟವನೇ. ಮುಗ್ಧ ಭಕ್ತಿಯ ಸ್ವರ ಯಾವುದೆಂಬುದನ್ನು ಬಲ್ಲವನ ಕೈಯಿಂದಲೇ ಅದರ ಅಣಕವನ್ನು ಮಾಡಿಸಿರುವುದು ಚಿತ್ರದ ಒಳ್ಳೆಯ ಉಪಾಯಗಳಲ್ಲೊಂದು. ಕಥಾನಾಯಕ ಫ್ರಾಂಕ್ ಒಂದು ಸಾಸೇಜ್, ಎಂದರೆ ಕೊಚ್ಚಿದ ಮಾಂಸ ತುಂಬಿದ ಕೊಳವೆಯಾಕಾರದ ತಿನಿಸು; ಅವನ ಪ್ರೇಯಸಿ ಬ್ರೆಂಡಾ ಒಂದು ಬನ್ನು. ಬೆರಳ ತುದಿಯನ್ನು ಒಮ್ಮೆ ತಾಕಿಸಿದುದಕ್ಕಾಗಿ ದೇವರುಗಳು ತಮ್ಮನ್ನು ಶಿಕ್ಷಿಸುತ್ತಿದ್ದಾರೆಂದು ಬ್ರೆಂಡಾ ಕೊರಗುತ್ತಾಳೆ. ಪರಲೋಕದಿಂದ ಮರಳಿ ಬಂದ ಸಾಸಿವೆಯ ಸೀಸೆಯೊಂದು ಅಲ್ಲಿ ಕಂಡುದನ್ನು ಹೇಳಲಾರದೆ ಹೇಳಿ ಪ್ರಾಣ ಕಳೆದುಕೊಳ್ಳುತ್ತದೆ. ಅದು ಕಂಡುದು ಅಡಿಗೆಮನೆಯನ್ನು. ಮನೆ ತಲುಪಿದ ಆಲೂಗೆಡ್ಡೆ ದೇವತಾಸ್ಪರ್ಶದಿಂದ ಪುಲಕಿತವಾಗಿ ಹಾಡುತ್ತಿರುವಾಗಲೇ ಅದರ ಸಿಪ್ಪೆ ಸುಲಿಯುವ ದೃಶ್ಯವು ನಗೆಯನ್ನೂ ನಡುಕವನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಹಾಸ್ಯವೂ ಭಯಾನಕವೂ ಹೀಗೆ ಒಂದೇ ಪಾತ್ರೆಯಲ್ಲಿ ಬೇಯುವುದು ಅಪೂರ್ವ.

ಧರ್ಮದ ಉತ್ಪತ್ತಿಯನ್ನು ಕುರಿತು ಈ ಚಿತ್ರ ಹೇಳುವುದು ಗಮನಾರ್ಹ. ಕೆಡದೆ ಬಹುಕಾಲ ಉಳಿಯುವ ಕೆಲವು ಪದಾರ್ಥಗಳು ಅಂಗಡಿಯಲ್ಲಿವೆ. ಅವುಗಳ ಹಿರಿಯನು ಒಂದು ಮದ್ಯದ ಸೀಸೆ. ಹಿಂದೆ ತಮಗೊದಗುವ ಗತಿಯನ್ನು ಅರಿತಿದ್ದ ಆಹಾರವೆಲ್ಲ ಚೀರುತ್ತಲೇ ಹೋಗುತ್ತಿದ್ದಿತಂತೆ. ಆ ಚೀರಾಟವನ್ನು ಕೇಳಲಾರದೆ ಈ ಹಿರಿಯರೇ ಪರಲೋಕದ ಕಥೆಯನ್ನೂ ಸ್ತೋತ್ರವನ್ನೂ ರಚಿಸಿದರು. ಎಂದರೆ ಮೂಲದಲ್ಲಿ ಅದು ವಂಚನೆಯಲ್ಲ, ಕರುಣೆಯಿಂದ ಹೇಳಿದ ಸುಳ್ಳು. ಬಳಿಕ ಒಂದೊಂದು ಪಡಸಾಲೆಯವರೂ ಅದಕ್ಕೆ ತಮ್ಮ ತಮ್ಮ ಚರಣಗಳನ್ನು ಸೇರಿಸಿಕೊಂಡರು. ಅಲ್ಲಿಂದ ದ್ವೇಷ ಹುಟ್ಟಿತು. ಬೇಗಲ್ ಎಂಬ ಯೆಹೂದ್ಯರ ರೊಟ್ಟಿಯೂ ಲವಾಶ್ ಎಂಬ ಪಶ್ಚಿಮ ಏಷ್ಯದ ರೊಟ್ಟಿಯೂ ಒಂದೇ ಪಡಸಾಲೆಯ ಜಾಗಕ್ಕಾಗಿ ಕಾದಾಡುತ್ತವೆ. ಕೊನೆಗೆ ಇಬ್ಬರಿಗೂ ಹಮ್ಮಸ್ ಎಂಬ ಕಡಲೆಯ ಚಟ್ನಿ ಹಳೆಯ ಗೆಳೆಯನೆಂದು ತಿಳಿದಾಗ ಜಗಳ ಸಡಿಲುತ್ತದೆ. ಪ್ಯಾಲೆಸ್ಟೈನಿನ ದುರಂತಕ್ಕೆ ಇದು ಬಹಳ ಅಗ್ಗವಾದ ಪರಿಹಾರವೆಂಬುದು ನಿಜ. ಆದರೆ ಒಂದೇ ಊಟವನ್ನು ಉಂಡು ಬೇರೆ ಬೇರೆ ದೇವರನ್ನು ಕರೆಯುವ ನೆರೆಯವರು ನಮ್ಮಲ್ಲಿಯೂ ಕಡಮೆಯಿಲ್ಲ.

ಮತವಿಡಂಬನೆ ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದ ಬ್ರಹ್ಮಶಿವನು 'ಸಮಯಪರೀಕ್ಷೆ'ಯಲ್ಲಿ ಜೈನೇತರ ಮತಗಳ ಆಚರಣೆಗಳನ್ನು ಒಂದೊಂದಾಗಿ ಹಿಡಿದು ಜಾಲಾಡಿದ್ದಾನೆ. ಅವನ ಕಣ್ಣು ತೀಕ್ಷ್ಣವಾದುದು. ಆದರೆ ತನ್ನ ಮನೆಯ ಕಡೆಗೆ ಅದು ತಿರುಗುವುದಿಲ್ಲ. 14ನೆಯ ಶತಮಾನದ ವೃತ್ತವಿಲಾಸನ 'ಧರ್ಮಪರೀಕ್ಷೆ' ಇನ್ನೂ ಜಾಣತನದ ಕೃತಿ. ಅಲ್ಲಿ ಮನೋವೇಗನು ತನ್ನ ಗೆಳೆಯ ಪವನವೇಗನನ್ನು ಪಾಟಲೀಪುತ್ರದ ವಿದ್ವತ್ಸಭೆಗೆ ಕರೆದೊಯ್ದು, ವೇಷ ಮರೆಸಿಕೊಂಡು, ನಂಬಲಾಗದ ಕಟ್ಟುಕಥೆಗಳನ್ನು ಹೇಳುತ್ತಾನೆ. ಸಭೆ ಇದೆಲ್ಲ ಸುಳ್ಳೆಂದಾಗ ಅಂತಹುದೇ ಸಂಗತಿಗಳು ಅವರ ಪುರಾಣಗಳಲ್ಲಿವೆಯೆಂದು ತೋರಿಸುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಮನೋವೇಗನಿಗೆ ಬೇಕಾದುದು ಸಭೆಯ ಸೋಲಿಗಿಂತ ಹೆಚ್ಚಾಗಿ ಗೆಳೆಯನ ಮನಸ್ಸು.

ಫ್ರಾಂಕನು ಎಡವುವುದು ಇಲ್ಲಿಯೇ. ಚಿತ್ರವು ಪ್ರೌಢವಾಗುವುದೂ ಇಲ್ಲಿಯೇ. ಅವನಿಗೆ ಅಡಿಗೆಪುಸ್ತಕವೊಂದು ಸಿಗುತ್ತದೆ. ಹುರಿದ, ಬೇಯಿಸಿದ, ಕತ್ತರಿಸಿದ ಬಂಧುಗಳ ವರ್ಣಚಿತ್ರಗಳೇ ಅದರ ತುಂಬ ಇವೆ. ಅವುಗಳನ್ನು ಇಡೀ ಅಂಗಡಿಗೆ ತೋರಿಸಿ, ನಿಮ್ಮ ನಂಬಿಕೆಯೆಲ್ಲ ಮೌಢ್ಯವೆಂದು ಸಾರುತ್ತಾನೆ. ಸಾಕ್ಷ್ಯ ಅಖಂಡವಾದುದು, ಆದರೂ ಯಾರೂ ಒಪ್ಪುವುದಿಲ್ಲ. ಪ್ರಿಯಳಾದ ಬ್ರೆಂಡಾಳೇ ದೂರವಾಗುತ್ತಾಳೆ. ನಿಮ್ಮ ನಂಬಿಕೆಗೆ ಗೌರವ ಕೊಡದೆ, ಅದರ ಬದಲಿಗೆ ಬೇರೊಂದು ಭರವಸೆಯನ್ನೂ ಕೊಡದೆ ಮಾತನಾಡಿದೆನೆಂದು ಅವನು ತಪ್ಪೊಪ್ಪಿಕೊಂಡ ಮೇಲೆಯೇ ಉಳಿದವರು ಅವನೊಡನೆ ನಿಲ್ಲುತ್ತಾರೆ. ನಾಸ್ತಿಕವಾದದ ಚಿತ್ರವೊಂದು ನಾಸ್ತಿಕನ ಅಹಂಕಾರವನ್ನು ಹೀಗೆ ಹಾಸ್ಯಕ್ಕೊಡ್ಡುವುದು ಸಾಮಾನ್ಯವಾದ ಪ್ರಾಮಾಣಿಕತೆಯಲ್ಲ. ಬ್ರಹ್ಮಶಿವನಲ್ಲಿ ಇಲ್ಲದುದು ಇಲ್ಲಿದೆ.

ಈ ಪ್ರಾಮಾಣಿಕತೆ ಚಿತ್ರದ ಉದ್ದಕ್ಕೂ ನಿಂತಿಲ್ಲವೆಂಬುದು ಶೋಚನೀಯ. ಮದ್ಯದ ಸೀಸೆ ಅಮೆರಿಕದ ಮೂಲನಿವಾಸಿಗಳ ಅಣಕು. ಲವಾಶ್ ಅರಬ್ಬನ ಅಣಕು. ಮೆಕ್ಸಿಕೋದ ತಿನಿಸು ಅಲ್ಲಿಯವರ ಅಣಕು. ಜಾತಿಪದ್ಧತಿಯನ್ನು ಹೀಯಾಳಿಸಲು ಹೊರಟವನು ಒಂದೊಂದು ಜಾತಿಯ ಉಚ್ಚಾರಣೆಯನ್ನೂ ಅಣಕಿಸಿ ನಗಿಸಿದಂತೆ ಇದು. ಕೊನೆಯ ಭಾಗದ ಕಾಮಕೇಳಿಯ ವಿಚಾರವನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಅದು ಪಾಪಭೀತಿಯಿಂದ ಬಿಡುಗಡೆಯ ಸಂಕೇತವೆಂದು ವಾದಿಸುವವರುಂಟು. ಸಂಕೇತಕ್ಕೆ ಅಷ್ಟು ದೀರ್ಘಕಾಲ ಬೇಕಾಗಿರಲಿಲ್ಲ.

ಇದಕ್ಕಿಂತ ಗುರುತರವಾದ ಆಕ್ಷೇಪ ಬೇರೆಯಿದೆ. ಈ ಚಿತ್ರ ದೇವರನ್ನು ಪ್ರಶ್ನಿಸುತ್ತದೆ, ಅಂಗಡಿಯನ್ನು ಪ್ರಶ್ನಿಸುವುದಿಲ್ಲ. ಪದಾರ್ಥಗಳನ್ನು ಪಡಸಾಲೆಗಳಾಗಿ ವಿಂಗಡಿಸಿದವರು ಯಾರು? ಕಣ್ಣೆತ್ತರದ ಹಲಗೆ ಯಾರಿಗೆ, ನೆಲಮಟ್ಟದ್ದು ಯಾರಿಗೆ? ಒಂದರ ಬೆಲೆ ಹೆಚ್ಚು, ಮತ್ತೊಂದರದು ಕಡಮೆ ಏಕೆ? ದೇವರುಗಳನ್ನು ಹೊಡೆದುರುಳಿಸಿದ ವೀರರಿಗೆ ಬೆಲೆಚೀಟಿ ಕಾಣಿಸುವುದೇ ಇಲ್ಲ. ಓಖ್ಲಾದ ಮಂಡಿಯಲ್ಲಿ ಒಂದು ಮುಂಜಾನೆ ನಿಂತವನಿಗೆ ಇದೇ ಮೊದಲು ಕಾಣುವುದು.

ಕನಕದಾಸರಿಗೆ ಕಂಡುದೂ ಇದೇ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ, ಲಂಕೆಯಿಂದ ಹಿಂದಿರುಗುವ ಶ್ರೀರಾಮನ ಮುಂದೆ ಧಾನ್ಯಗಳಲ್ಲಿ ಶ್ರೇಷ್ಠ ಯಾವುದೆಂಬ ಚರ್ಚೆ ಏಳುತ್ತದೆ. ಗೌತಮ ಮುನಿ ನರೆದಲಗವನ್ನು, ಎಂದರೆ ರಾಗಿಯನ್ನು, ಹೊಗಳುತ್ತಾನೆ. ಇದನ್ನು ಸಹಿಸದ ವ್ರೀಹಿ, ಎಂದರೆ ಬತ್ತ, ಸಭೆಯಲ್ಲಿಯೇ ರಾಗಿಯ ಕುಲವನ್ನು ಹಳಿಯುತ್ತದೆ. ದೇವರ ನೈವೇದ್ಯಕ್ಕೂ ದ್ವಿಜರ ಎಲೆಗೂ ಸಲ್ಲುವ ತನ್ನೆದುರು ಶೂದ್ರರ ಅನ್ನಕ್ಕೆ ಏನು ಬೆಲೆಯೆಂಬುದು ಅದರ ವಾದದ ತಿರುಳು. ರಾಗಿ ತಗ್ಗುವುದಿಲ್ಲ. ಬಡವರ ಕೈಬಿಟ್ಟು ಉಳ್ಳವರ ಬೆನ್ನುಹತ್ತುವವನು ನೀನೆಂದೂ, ಹೆಣದ ಬಾಯಿಗೆ ಬೀಳುವವನು ನೀನೆಂದೂ ತಿರುಗಿ ಹೊಡೆಯುತ್ತದೆ. ಇಲ್ಲಿ ಶ್ರೇಷ್ಠತೆಯ ಪ್ರಶ್ನೆಯೆಂದರೆ ಯಾರನ್ನು ಉಣಿಸುತ್ತೀಯೆ ಎಂಬ ಪ್ರಶ್ನೆ. ಅಮೆರಿಕದ ಚಿತ್ರದಲ್ಲಿ ಉಣ್ಣುವವರೆಲ್ಲ ಒಂದೇ ಬಗೆಯ ರಾಕ್ಷಸರು, ಹಸಿದವನೊಬ್ಬನೂ ಅಲ್ಲಿಲ್ಲ. ಕನಕದಾಸರ ಕಾವ್ಯದಲ್ಲಿ ಹಸಿದವನು ಪ್ರತಿಯೊಂದು ಮಾತಿನ ಹಿಂದೆಯೂ ನಿಂತಿದ್ದಾನೆ.

ರಾಮನ ತೀರ್ಪಿನ ವಿಧಾನವೂ ವಿಚಾರಾರ್ಹ. ಶಾಸ್ತ್ರವಾಕ್ಯವನ್ನಾಗಲಿ ಮುನಿಗಳ ಬಹುಮತವನ್ನಾಗಲಿ ಅವನು ಅವಲಂಬಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿದಾಗ ಬತ್ತ ಕಳೆಗುಂದಿ ಸತ್ವಗೆಟ್ಟಿರುತ್ತದೆ, ರಾಗಿ ಕೆಡದೆ ನಿಂತಿರುತ್ತದೆ. ಇದು ಒಕ್ಕಲಿಗನಿಗೆ ಕಣಜದ ಅನುಭವದಿಂದ ತಿಳಿದಿರುವ ಸತ್ಯ. ಕವಿ ಅದನ್ನೇ ರಾಜಸಭೆಯ ಪ್ರಮಾಣವನ್ನಾಗಿ ಮಾಡಿದ್ದಾರೆ. ಫ್ರಾಂಕನ ಅಡಿಗೆಪುಸ್ತಕಕ್ಕಿಂತ ಇದು ಗಟ್ಟಿಯಾದ ಸಾಕ್ಷ್ಯ. ಇನ್ನೊಂದು ಸ್ವಾರಸ್ಯವುಂಟು. ಚಿತ್ರದಲ್ಲಿ ಕೆಡದೆ ಉಳಿಯುವವರು ಸುಳ್ಳನ್ನು ಕಟ್ಟಿ ಕೆಡುವವರನ್ನು ಸಂತೈಸುತ್ತಾರೆ. ಕಾವ್ಯದಲ್ಲಿ ಕೆಡದೆ ಉಳಿದುದು ತನ್ನ ಇರವಿನಿಂದಲೇ ಸುಳ್ಳನ್ನು ಬಯಲುಮಾಡುತ್ತದೆ. ರಾಘವನ ಹೆಸರನ್ನು ಪಡೆದು ನರೆದಲಗ ರಾಗಿಯಾಗುತ್ತದೆ. ಸೋತ ಬತ್ತವನ್ನು ಕವಿ ಅಪಮಾನದಲ್ಲಿ ಬಿಟ್ಟುಹೋಗುವುದಿಲ್ಲ; ರಾಮನು ಅದನ್ನೂ ಸಂತೈಸಿ ಮಂಗಳಕಾರ್ಯಗಳಲ್ಲಿ ಸ್ಥಾನ ಕೊಡುತ್ತಾನೆ. ಚಿತ್ರವಾದರೋ ತನ್ನ ಎದುರಾಳಿಗಳನ್ನು ಕೊಂದು ಕುಣಿಯುತ್ತದೆ.

ಹಾಗೆಂದ ಮಾತ್ರಕ್ಕೆ ಕನಕದಾಸರ ಕಾವ್ಯದಲ್ಲಿ ಎಲ್ಲವೂ ಇತ್ಯರ್ಥವಾಗಿದೆಯೆಂದಲ್ಲ. ರಾಗಿಗೆ ನ್ಯಾಯ ದೊರೆತುದು ರಾಜನಿಂದ; ಅದು ಮೇಲೇರಿದುದು ಮೇಲಿನವನ ಹೆಸರನ್ನು ಹೊತ್ತು. ತಾರತಮ್ಯದ ಹಲಗೆಯಲ್ಲಿ ರಾಗಿಯ ಜಾಗ ಬದಲಾಯಿತೇ ಹೊರತು ಹಲಗೆ ಮುರಿಯಲಿಲ್ಲವೆಂದು ವಾದಿಸಿದರೆ ತಳ್ಳಿಹಾಕುವುದು ಕಷ್ಟ. ಈ ಸಂದೇಹಕ್ಕೆ ಇತ್ತೀಚಿನ ನಿದರ್ಶನವೂ ದೊರೆಯುತ್ತದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದೇ ವರ್ಷದ ಆಯವ್ಯಯ ಭಾಷಣದಲ್ಲಿ ಕೇಂದ್ರ ಸರ್ಕಾರ ಈ ಧಾನ್ಯಗಳನ್ನು 'ಶ್ರೀ ಅನ್ನ' ಎಂದು ಕರೆಯಿತು. ರಾಗಿಗೆ ಹೀಗೆ ಎರಡನೆಯ ಸಲ ರಾಜಧಾನಿಯಲ್ಲಿ ನಾಮಕರಣವಾಯಿತು. ದಕ್ಷಿಣ ದೆಹಲಿಯ ದೊಡ್ಡ ಅಂಗಡಿಗಳಲ್ಲಿ ರಾಗಿ ಹಿಟ್ಟು ಈಗ ಬಣ್ಣದ ಪೊಟ್ಟಣದಲ್ಲಿ ಕಣ್ಣೆತ್ತರದ ಹಲಗೆಯನ್ನೇರಿ ಕುಳಿತಿದೆ. ಅಗ್ಗದ ಅಕ್ಕಿಯ ಮೂಟೆ ಅದೇ ಅಂಗಡಿಯ ನೆಲದ ಮೇಲಿದೆ.