ಹೊರಗೋಡೆಯ ಬಣ್ಣ ಮತ್ತು ಔಚಿತ್ಯ

ಮನೆಯ ಒಳಗೋಡೆ ಮನೆಯವರದು, ಅದರಲ್ಲಿ ತಕರಾರಿಲ್ಲ. ಹೊರಗೋಡೆ ಯಾರದು? ಕಟ್ಟಿಸಿದವರು ಅದನ್ನು ಕಾಣುವುದು ಮನೆಗೆ ಮರಳುವಾಗ ಮಾತ್ರ. ಎದುರು ಮನೆಯವರಾದರೋ ಬೆಳಗಿನ ಕಾಫಿಯಿಂದ ಸಂಜೆಯ ದೀಪದವರೆಗೆ ಅದನ್ನೇ ನೋಡುತ್ತಿರಬೇಕು. ಹಣ ತೆತ್ತವರು ಒಬ್ಬರು, ಕಣ್ಣು ತೆರುವವರು ಇನ್ನೊಬ್ಬರು. ಮಂಗಳೂರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಈ ವೈಷಮ್ಯದಿಂದಲೇ ಒಂದು ಬಗೆಯ ಜಗಳ ಹುಟ್ಟಿಕೊಂಡಿದೆ. ಸಾಹಿತ್ಯದ ಪುಟದಲ್ಲಿ ಸುಣ್ಣಬಣ್ಣದ ಮಾತೇಕೆ ಎಂದು ಕೇಳುವವರಿದ್ದಾರು. ಆದರೆ ಆ ಜಗಳದಲ್ಲಿ ಆಯುಧಗಳಾಗಿ ಬಳಕೆಯಾಗುತ್ತಿರುವುದು ಸಂಪ್ರದಾಯ, ಔಚಿತ್ಯ, ಅಭಿರುಚಿ ಎಂಬ ವಿಮರ್ಶೆಯ ಮಾತುಗಳು. ಅವನ್ನು ತರಗತಿಯಲ್ಲಿ ಪಾಠ ಹೇಳಿ ಬದುಕುವ ನನ್ನಂಥವನು ಸುಮ್ಮನಿರುವುದು ಸರಿಯಲ್ಲ.

ಸಂಗತಿ ಇಷ್ಟು. ನನಗೆ ಪರಿಚಿತರೊಬ್ಬರು ಇಂಥ ಒಂದು ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿ ಅದಕ್ಕೆ ಕಡು ನೇರಳೆ ಬಣ್ಣ ಬಳಿಸಿದರು. ಕ್ರಯಪತ್ರದಲ್ಲಿ ಒಂದು ಷರತ್ತಿತ್ತು: ಹೊರಗೋಡೆಗಳು ಕೆನೆ, ಮಾಸಲು ಬಿಳಿ ಅಥವಾ ತಿಳಿ ಬೂದು ಬಣ್ಣದವೇ ಆಗಿರತಕ್ಕದ್ದು, ಬೇರೆ ಬಣ್ಣಕ್ಕೆ ನಿವಾಸಿಗಳ ಸಂಘದ ಲಿಖಿತ ಒಪ್ಪಿಗೆ ಬೇಕು. ಸಂಘದಿಂದ ಪತ್ರ ಬಂತು, ಉತ್ತರ ಹೋಯಿತು, ಮತ್ತೊಂದು ಪತ್ರ ಬಂತು. ಈಗ ಎರಡೂ ಕಡೆಯವರು ವಕೀಲರನ್ನು ಕಾಣುತ್ತಿದ್ದಾರೆ.

ಇಂಥ ಷರತ್ತುಗಳಿಗೆ ಕಾನೂನಿನಲ್ಲಿ ನೆಲೆ ಇಲ್ಲದಿಲ್ಲ. ಮಾರಿದ ನೆಲದ ಬಳಕೆಗೆ ಮಾರಾಟಗಾರ ಹಾಕಿದ ಕಟ್ಟು ಮುಂದಿನ ಕೊಳ್ಳುಗರನ್ನೂ ಹಿಂಬಾಲಿಸಬಹುದೆಂಬ ವಿಚಾರ, 1848ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನವನ್ನು ಕುರಿತ ಮೊಕದ್ದಮೆಯಲ್ಲಿ ಗಟ್ಟಿಗೊಂಡಿತು. ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 40ನೆಯ ಕಲಮಿನಲ್ಲಿಯೂ ಅದರ ನೆರಳಿದೆ. ಫ್ಲ್ಯಾಟುಗಳ ಮಾತು ಇನ್ನೂ ಸರಳ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗೆ ಒಳಪಟ್ಟ ಕಟ್ಟಡದಲ್ಲಿ ಹೊರಗಿನ ಗೋಡೆ ಎಲ್ಲರ ಸಮಾನ ಸ್ವತ್ತು. ನಾಲ್ಕನೆಯ ಮಹಡಿಯವರು ತಮ್ಮ ಪಾಲಿನ ತುಂಡಿಗೆ ಮಾತ್ರ ಹಳದಿ ಬಳಿಯುತ್ತೇನೆಂದರೆ ನಡೆಯದು. ಬಿಡಿ ಮನೆಗಳ ವಿಷಯದಲ್ಲಿ ಷರತ್ತು ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದನ್ನು ನ್ಯಾಯಾಧೀಶರು ನೋಡಿಕೊಳ್ಳಲಿ. ಷರತ್ತಿನ ಹಿಂದಿರುವ ಅಭಿರುಚಿಯ ವಾದ ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದು ನನ್ನ ವಿಷಯ.

ಸಂಘದವರ ಮೊದಲ ಮಾತು ಸಂಪ್ರದಾಯ. ಮಂಗಳೂರಿನ ಮನೆ ಎಂದರೆ ಕೆಂಪು ಹೆಂಚು, ಬಿಳಿ ಗೋಡೆ. ನೇರಳೆ ನಮ್ಮದಲ್ಲ, ಎನ್ನುತ್ತಾರೆ. ಕೆಂಪು ಹೆಂಚು ನಮ್ಮದಾದದ್ದು ಎಂದಿನಿಂದ? ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಈ ಸೀಮೆಯ ಸಾಮಾನ್ಯರ ಮಾಡಿಗೆ ಹೊದಿಕೆಯಾಗಿದ್ದುದು ಮುಳಿಹುಲ್ಲು, ತೆಂಗಿನ ಮಡಲು. ಹುಲ್ಲಿನ ಮಾಸಲು ಕಂದಿನ ನಡುವೆ ಮೊತ್ತಮೊದಲ ಹೆಂಚಿನ ಮಾಡು ಎದ್ದ ದಿನ, ಅದರ ಕೆಂಪು ನೆರೆಯವರ ಕಣ್ಣಿಗೆ ಇಂದಿನ ನೇರಳೆಗಿಂತ ಕಡಮೆ ಚುಚ್ಚಿರಲಾರದು. ನೇತ್ರಾವತಿಯ ದಡದ ಜೇಡಿ, ಜರ್ಮನಿಯವನ ಯಂತ್ರವಿದ್ಯೆ, ನಮ್ಮವರ ಕೈ — ಈ ಮೂರೂ ಸೇರಿ ಹುಟ್ಟಿದ ಹೊಸತನ ಅದು. ನೂರೈವತ್ತು ಮಳೆಗಾಲಗಳನ್ನು ಕಂಡು ಸಂಪ್ರದಾಯವಾಗಿದೆ. ನೇರಳೆಯೂ ಹಾಗಾಗುತ್ತದೆಂದು ನಾನು ಹೇಳಲಾರೆ. ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ಹೊರದೂಡಲು ಮಂಗಳೂರಿಗೆ ಅಧಿಕಾರವಿಲ್ಲ, ಅಷ್ಟೇ.

ಎರಡನೆಯ ಮಾತು ಔಚಿತ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರ ಈ ಒಂದೇ ತತ್ತ್ವದ ಮೇಲೆ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥ ಬರೆದ. ಅವನ ವಿಚಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಯಾವ ಅಲಂಕಾರವೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಇರಬೇಕಾದಲ್ಲಿ ಇದ್ದರೆ ಚೆಲುವು, ಇರಬಾರದಲ್ಲಿ ಇದ್ದರೆ ನಗೆಪಾಟಲು. ಎಂದಮೇಲೆ ಔಚಿತ್ಯವನ್ನು ಮೂರು ಬಣ್ಣಗಳ ಪಟ್ಟಿಯಾಗಿ ಕ್ರಯಪತ್ರದಲ್ಲಿ ಬರೆದಿಡುವುದು ಹೇಗೆ? ಪಟ್ಟಿಗೆ ವಸ್ತು ಗೊತ್ತು, ಸಂದರ್ಭ ಗೊತ್ತಿಲ್ಲ.

ನಮ್ಮ ಸಂದರ್ಭವಾದರೂ ಯಾವುದು? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ. ಇಲ್ಲಿ ಮಳೆಗಿಂತ ನಿಷ್ಠುರ ವಿಮರ್ಶಕನಿಲ್ಲ. ಜೂನಿನಲ್ಲಿ ಕೆನೆಯಾಗಿದ್ದ ಗೋಡೆ ಆಗಸ್ಟಿಗೆ ಪಾಚಿಯ ಗೀರುಗಳಿಂದ ಅಳುವ ಮುಖವಾಗುತ್ತದೆ. ಹಳಬರು ಇದನ್ನು ಅರಿತಿದ್ದರು. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಮಳೆ ತೀರಿದ ಮೇಲೆ ವರ್ಷವರ್ಷವೂ ಹೊಸದಾಗಿ ಬಳಿಯುತ್ತಿದ್ದರು. ಸುಣ್ಣದ ಕ್ಷಾರ ಪಾಚಿಗೆ ಒಗ್ಗದು. ಗೋಡೆಯ ಬುಡಕ್ಕೆ ಮೊಣಕಾಲೆತ್ತರದವರೆಗೆ ಕೆಮ್ಮಣ್ಣಿನ ಇಲ್ಲವೆ ಕರಿಯ ಪಟ್ಟಿ ಹಚ್ಚುತ್ತಿದ್ದರು. ಅಂಗಳದ ಕೆಂಪು ಕೆಸರು ಸಿಡಿದರೂ ಅದು ಕಾಣುತ್ತಿರಲಿಲ್ಲ. ಆ ಮನೆಗಳಲ್ಲಿ ಬಿಳಿಗೊಂದು ಕಾರಣವಿತ್ತು, ಕೆಂಪಿಗೊಂದು ಕಾರಣವಿತ್ತು. ಔಚಿತ್ಯವೆಂದರೆ ಇದು. ಇಂದಿನ ಕೆನೆಬಣ್ಣ ಆ ಬಿಳಿಯ ಹೆಸರು ಹೇಳಿಕೊಂಡು ಬಂದಿದೆಯೇ ಹೊರತು ಅದರ ಕಾರಣವನ್ನು ತಂದಿಲ್ಲ. ಇನ್ನೊಂದು ತಮಾಷೆ: ಭರತಮುನಿ ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೆ ಒಂದೊಂದು ವರ್ಣ ಹೇಳಿದ್ದಾನೆ. ಅಲ್ಲಿ ಬಿಳಿ ಹಾಸ್ಯಕ್ಕೆ ಸಲ್ಲುತ್ತದೆ. ಗಾಂಭೀರ್ಯಕ್ಕಾಗಿ ಬಿಳಿಯ ಮೊರೆಹೊಕ್ಕ ಸಂಘದವರಿಗೆ ಇದು ತಿಳಿದಿರಲಾರದು.

ಹಾಗೆಂದು ಆ ನೇರಳೆ ಮನೆಯನ್ನು ನಾನು ಮೆಚ್ಚಿದೆನೆ? ಅರ್ಧ ಮೆಚ್ಚಿದೆ. ಮೋಡ ಕವಿದ ಮಧ್ಯಾಹ್ನದ ಬೂದು ಬೆಳಕಿನಲ್ಲಿ, ತೆಂಗು ಬಾಳೆಗಳ ಹಸಿರಿನ ನಡುವೆ, ಆ ನೇರಳೆ ನಿಜಕ್ಕೂ ಬೆಳಗುತ್ತದೆ. ಪಕ್ಕದ ಕೆನೆಗೋಡೆಗಳು ಆ ಹೊತ್ತಿಗೆ ಆಕಾಶದಲ್ಲಿ ಕರಗಿಹೋಗಿರುತ್ತವೆ. ಮನೆಯ ದೋಷ ಬೇರೆಡೆ ಇದೆ. ಕಿಟಕಿಕಿಟಕಿಗೂ ಹಳದಿ ಅಂಚು, ಕಂಬಗಳಿಗೆ ಹೊಂಬಣ್ಣ, ಆವರಣದ ಗೋಡೆಗೆ ಕಿತ್ತಳೆ. ಕಣ್ಣಿಗೆ ವಿಶ್ರಾಂತಿಯೇ ಇಲ್ಲ. ಎದುರು ಮನೆಯವರು ಅದನ್ನು ‘ಬಣ್ಣದ ವೇಷ’ ಎಂದು ಹಾಸ್ಯ ಮಾಡುತ್ತಾರೆ. ತೆಂಕುತಿಟ್ಟಿನ ಯಕ್ಷಗಾನ ಬಲ್ಲವರು ಈ ಮಾತನ್ನು ಹಗುರವಾಗಿ ಆಡಬಾರದು. ಬಣ್ಣದ ವೇಷದ ಮುಖವರ್ಣಿಕೆಯಲ್ಲಿ ಗೆರೆ ಗೆರೆಗೂ ಲೆಕ್ಕವಿದೆ. ಅದು ತೆರೆಯ ಮರೆಯಿಂದ, ಆರ್ಭಟೆಯೊಡನೆ, ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ನಿರ್ಗಮಿಸುತ್ತದೆ. ಮನೆಯಾದರೋ ಹಗಲೂ ರಾತ್ರಿ ರಂಗದ ಮೇಲೇ ನಿಂತಿರಬೇಕಾದ ವೇಷ. ಆದ್ದರಿಂದ ಅದಕ್ಕೆ ಸಂಯಮ ಹೆಚ್ಚು ಬೇಕು. ಈ ಮನೆಯಲ್ಲಿ ಕಡಮೆಯಾದದ್ದು ಸಂಯಮ, ನೇರಳೆ ಅಪರಾಧಿಯಲ್ಲ. ಬಣ್ಣದ ಪಟ್ಟಿ ಹಿಡಿದು ಹೊರಟವರಿಗೆ ಈ ಭೇದ ಕಾಣುವುದೇ ಇಲ್ಲ.

ಮೂರನೆಯದು ಅಭಿರುಚಿ. ಜಗಳದ ಮರ್ಮವಿರುವುದು ಇಲ್ಲಿಯೇ. ಸಂಘದ ಪತ್ರದಲ್ಲಿ ಬರೆಯದೆ ಗೇಟಿನ ಬಳಿ ಪಿಸುಮಾತಿನಲ್ಲಿ ಆಡುವ ಮಾತೊಂದಿದೆ: “ಗಲ್ಫ್ ದುಡ್ಡಿನ ಮನೆ, ಇನ್ನು ಹೇಗಿರುತ್ತದೆ?” ಕೊಲ್ಲಿ ದೇಶಗಳ ಬಿಸಿಲಿನಲ್ಲಿ ದುಡಿದು, ಹತ್ತಾರು ವರ್ಷ ಒಂದು ಕೋಣೆಯಲ್ಲಿ ಆರೆಂಟು ಮಂದಿ ಮಲಗಿ, ಊರಿಗೆ ಮರಳಿ ಮನೆ ಕಟ್ಟಿಸಿದವರಿಗೆ ಆ ಗೋಡೆ ಬರಿಯ ಗೋಡೆಯಲ್ಲ, ತಾವು ಬದುಕಿ ಬಂದೆವೆಂಬ ಘೋಷಣೆ. ಘೋಷಣೆಯ ದನಿ ಸ್ವಲ್ಪ ಏರಿರಬಹುದು. ಆದರೆ ಹಳೆಯ ಸಿರಿವಂತರ ಮೌನವನ್ನು ಅಭಿರುಚಿಯೆಂದೂ ಹೊಸ ಸಿರಿಯ ದನಿಯನ್ನು ಅಸಭ್ಯವೆಂದೂ ಕರೆಯುವುದು ವಿಮರ್ಶೆಯಲ್ಲ, ಪಂಕ್ತಿಭೇದ. ಅದಕ್ಕಿಂತಲೂ ವಿಷಾದದ ಸಂಗತಿ, ಹಸಿರು ಕಂಡರೆ ಒಂದು ಮತ, ಕೇಸರಿ ಕಂಡರೆ ಇನ್ನೊಂದು ಮತ, ನೀಲಿ ಕಂಡರೆ ಒಂದು ಪಕ್ಷ ಎಂದು ಗೋಡೆಯಿಂದ ಮನೆಯವರ ಕುಲ ಓದುವ ಚಾಳಿ. ಸರಕಾರಿ ಗೋಡೆಯ ಮಾತು ಬೇರೆ; ಆಂಧ್ರದ ಪಂಚಾಯತಿ ಕಚೇರಿಗಳಿಗೆ ಬಳಿದಿದ್ದ ಆಳುವ ಪಕ್ಷದ ಬಣ್ಣಗಳನ್ನು ಅಳಿಸಬೇಕೆಂಬ ಹೈಕೋರ್ಟಿನ ಆದೇಶವನ್ನು 2020ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಯೋಗ್ಯವೇ ಆಗಿತ್ತು. ಅದು ಎಲ್ಲರ ಗೋಡೆ. ಒಬ್ಬ ಗೃಹಸ್ಥನ ಹಸಿರು ಗದ್ದೆಯ ಹಸಿರೂ ಇರಬಹುದಲ್ಲ! ಎಲ್ಲರಿಗೂ ಒಂದೇ ಕೆನೆಬಣ್ಣವೆಂಬ ನಿಯಮ ಸಮಾನತೆಯ ವೇಷ ತೊಟ್ಟು ಬಂದರೂ, ನೆರೆಯವರ ಬಣ್ಣವನ್ನು ನೆಮ್ಮದಿಯಿಂದ ನೋಡುವ ಶಕ್ತಿ ನಮ್ಮಲ್ಲಿ ಕುಂದಿದೆ ಎಂಬುದನ್ನೇ ಅದು ಒಪ್ಪಿಕೊಳ್ಳುತ್ತದೆಂದು ನನ್ನ ಸಂದೇಹ.

ಈ ವ್ಯಾಜ್ಯ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಲೇಖಕಿ ಸಾಂಡ್ರಾ ಸಿಸ್ನೆರೋಸ್, 1984ರಲ್ಲಿ ಪ್ರಕಟವಾದ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಎಂಬ ಕೃತಿಯಿಂದ ಹೆಸರಾದವರು, 1997ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ನಗರದ ಕಿಂಗ್ ವಿಲಿಯಂ ಎಂಬ ಸಂರಕ್ಷಿತ ಬಡಾವಣೆಯ ತಮ್ಮ ಮನೆಗೆ ನೇರಳೆ ಬಳಿಸಿದರು. ಆ ಬಣ್ಣ ಅಲ್ಲಿಯ ಇತಿಹಾಸಕ್ಕೆ ಹೊಂದದೆಂದು ನಗರದ ಸಮಿತಿ ಆಕ್ಷೇಪಿಸಿತು. ಯಾರ ಇತಿಹಾಸಕ್ಕೆ ಎಂಬುದು ಆಕೆಯ ಮರುಪ್ರಶ್ನೆ. ಸಿರಿವಂತರ ಮಹಲುಗಳ ಬಣ್ಣಕ್ಕೆ ದಾಖಲೆಯಿದೆ, ತನ್ನ ಮೆಕ್ಸಿಕನ್ ಪೂರ್ವಿಕರ ಬಡ ಮನೆಗಳ ಬಣ್ಣವನ್ನು ಯಾರೂ ಬರೆದಿಡಲಿಲ್ಲ ಎಂಬುದು ಅದರ ಇಂಗಿತ. ಕೊನೆಗೆ ಬಿಸಿಲಿಗೆ ಬಣ್ಣ ಮಾಸಿ, ಸಮಿತಿಗೆ ಒಪ್ಪಿಗೆಯಾಗುವ ಛಾಯೆಗೆ ಇಳಿದ ಮೇಲೆ ವಿವಾದ ತಣ್ಣಗಾಯಿತು. ಆ ಪ್ರಶ್ನೆ ಮಾತ್ರ ಮಾಸಿಲ್ಲ.

ಏಕವರ್ಣದಲ್ಲಿಯೂ ಚೆಲುವಿಲ್ಲವೆ, ಜೈಪುರವನ್ನು ನೋಡಿ, ಎನ್ನುವವರಿಗೂ ಉತ್ತರ ಹೇಳಬೇಕು. 1876ರಲ್ಲಿ ಇಂಗ್ಲೆಂಡಿನ ಯುವರಾಜನ ಸ್ವಾಗತಕ್ಕೆಂದು ದೊರೆ ರಾಮಸಿಂಹ ಊರಿಗೆ ಗುಲಾಬಿ ಬಳಿಸಿದ. ಚೆಲುವು ಸಂದೇಹವಿಲ್ಲ. ಆದರೆ ಅಲ್ಲಿಯ ಜಾಲಂಧ್ರ, ಕಮಾನು, ಝರೋಖಗಳ ಸಾವಿರ ವೈವಿಧ್ಯಕ್ಕೆ ಆ ಒಂದು ಬಣ್ಣ ಶ್ರುತಿಯಂತೆ ನಿಂತಿದೆ. ನಮ್ಮ ಬಡಾವಣೆಗಳಲ್ಲಿ ಮನೆಗಳೇ ಒಂದರಂತೆ ಒಂದು. ಅಲ್ಲಿ ರಾಗವೇ ಇಲ್ಲ, ಶ್ರುತಿ ಮಾತ್ರ ಮಿಡಿಯುತ್ತದೆ. ಸಮವಸ್ತ್ರದ ಖಾಕಿಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ತನ್ನ ನೇಯ್ಗೆ ಕಾರ್ಖಾನೆಯಲ್ಲಿ ಅದ್ದಿ ತೆಗೆದ ಊರು ನಮ್ಮದು. ಖಾಕಿಯ ಉಪಯೋಗ ಧೂಳಿನಲ್ಲಿ ಸಿಪಾಯಿ ಕಾಣದಿರಲಿ ಎಂಬುದು. ಮನೆ ಸಿಪಾಯಿಯಲ್ಲ, ಅದು ಕಾಣಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಎದುರು ಮನೆಯವರ ಕಣ್ಣಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲೇಬೇಕು. ಹೊರಗೋಡೆ ಅಚ್ಚಾದ ಕೃತಿಯಂತೆ. ಬರೆಯುವವರೆಗೆ ಅದು ಕವಿಯದು, ಪ್ರಕಟವಾದ ಮೇಲೆ ಓದುಗನಿಗೂ ಅದರಲ್ಲಿ ಪಾಲಿದೆ. ಕೃತಿಯನ್ನು ಟೀಕಿಸುವ ಹಕ್ಕು ಓದುಗನಿಗಿದೆ. ತಿದ್ದಿ ಬರೆಯಿಸುವ ಹಕ್ಕಿಲ್ಲ. ಸಂಘದವರು ಷರತ್ತು ಹಾಕುವುದಾದರೆ ಬಣ್ಣದ ಹೆಸರಿನ ಮೇಲೆ ಹಾಕದೆ ಪಾಲನೆಯ ಮೇಲೆ ಹಾಕಲಿ: ಗೋಡೆ ಪಾಚಿಗಟ್ಟದಿರಲಿ, ಕಣ್ಣು ಕೋರೈಸುವ ಹೊಳಪು ಬೇಡ, ಬಳಿಯುವ ಮೊದಲು ಎದುರು ಮನೆಯವರಿಗೆ ಒಂದು ಮಾತು ಹೇಳಿರಿ. ಬಳಿಸುವವರು ಒಂದು ಬಣ್ಣವನ್ನು ಪ್ರಧಾನವಾಗಿ ಹಿಡಿದು ಉಳಿದವನ್ನು ಅದರ ಅಂಕೆಯಲ್ಲಿಡಲಿ. ಇವೆರಡೂ ಕ್ರಯಪತ್ರದ ಭಾಷೆಗೆ ಪೂರ್ತಿ ಒಗ್ಗಲಾರವು, ನಿಜ. ನೆರೆಹೊರೆಯ ಬಾಳುವೆ ಕ್ರಯಪತ್ರದಿಂದ ನಡೆದದ್ದು ಯಾವ ಕಾಲಕ್ಕೂ ಇಲ್ಲ. ವಕೀಲರ ನೋಟೀಸಿಗೆ ಮೊದಲು ಎರಡು ಮನೆಗಳ ನಡುವಿನ ದಣಪೆ ದಾಟಿ ಹೋಗಿ, ನಿಮ್ಮ ಕಿತ್ತಳೆ ಆವರಣ ನನ್ನ ಕಣ್ಣಿಗೆ ಚುಚ್ಚುತ್ತದೆ, ನೇರಳೆ ಮಾತ್ರ ಚೆನ್ನಾಗಿದೆ ಎಂದು ಹೇಳಬಲ್ಲವನೇ ನಮ್ಮ ಬಡಾವಣೆಗಳಿಗೆ ಬೇಕಾದ ವಿಮರ್ಶಕ.