ಟರ್ಬೈನ್ ಕಾರನ್ನು ಸವಿಯುವ ಬಗೆ

ಟರ್ಬೈನ್ ಕಾರಿನ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ಒಂದು ಚಕ್ರ ಹೊರಗಿನ ಗಾಳಿಯನ್ನು ಸೆಳೆದು ಒತ್ತುತ್ತದೆ. ಒತ್ತಿದ ಗಾಳಿಯಲ್ಲಿ ಇಂಧನ ಎಡೆಬಿಡದೆ ಉರಿಯುತ್ತದೆ. ಹಿಗ್ಗಿದ ಬಿಸಿಗಾಳಿ ಮುಂದಿನ ಚಕ್ರಗಳ ಅಲಗುಗಳಿಗೆ ನುಗ್ಗಿ ಅವನ್ನು ತಿರುಗಿಸುತ್ತದೆ. ಪಿಸ್ಟನ್‌ನಂತೆ ಹಿಂದೆ ಮುಂದೆ ಓಡಾಡುವ ಭಾಗವಿಲ್ಲವಾದ್ದರಿಂದ ನಡುಕವೂ ಇಲ್ಲವೆನ್ನುವಷ್ಟು ಕಡಿಮೆ. ಹೊಸಬರು ಸಾಮಾನ್ಯವಾಗಿ ವೇಗದ ಅಂಕಿಯಿಂದ ಶುರುಮಾಡುತ್ತಾರೆ. ಅದಕ್ಕಿಂತ ಈ ತಿರುಗುವಿಕೆಯ ಸ್ವಭಾವದಿಂದ ಶುರುಮಾಡುವುದು ಲೇಸು. ಕಾರಿನ ಸೊಗಸೂ ಅದರ ಸೋಲೂ ಅಲ್ಲೇ ಅಡಗಿವೆ.

ಆ ಸ್ವಭಾವವನ್ನು ಅರಿಯಲು ಕೋಲಾರದ ಗಣಿಯೂರಾದ ಚಾಂಪಿಯನ್ ರೀಫ್ಸ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೋಲಾರದ ಚಿನ್ನದ ಗಣಿಗಳು ಟರ್ಬೈನ್‌ನ ಬಲವನ್ನು ಉಂಡು ಬೆಳೆದವು. ಶಿವನಸಮುದ್ರದಲ್ಲಿ ಸುಮಾರು 400 ಅಡಿ ಕೆಳಗೆ ಧುಮ್ಮಿಕ್ಕುವ ಕಾವೇರಿಯ ನೀರು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯ ಟರ್ಬೈನ್‌ಗಳನ್ನು ತಿರುಗಿಸಿತು. ಅವು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳನ್ನು ಓಡಿಸಿದವು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಈ ಯೋಜನೆಯಿಂದ 1902ರ ಜೂನ್ ಕೊನೆಗೆ ಸುಮಾರು 147 ಕಿ.ಮೀ. ತಂತಿಯ ಮೂಲಕ ಗಣಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಲು ಇನ್ನೂ ಮೂರು ವರ್ಷ ಕಾಯಬೇಕಿತ್ತು. ಒಂದು ಕಡೆ ನೀರಿನ ಟರ್ಬೈನ್, ಇನ್ನೊಂದು ಕಡೆ ಬಿಸಿಗಾಳಿಯ ಟರ್ಬೈನ್. ಆದರೂ ಎರಡೂ ಒಂದೇ ಕುಲದವು. ಒಂದೇ ಹದದಲ್ಲಿ ಬಿಡದೆ ತಿರುಗುವುದೆಂದರೆ ಎರಡಕ್ಕೂ ಪ್ರೀತಿ. ಹಗಲು ರಾತ್ರಿ ಅದಿರು ಕುಟ್ಟುವ ಗಣಿಯ ಮಿಲ್ಲುಗಳಿಗೆ ಬೇಕಿದ್ದದ್ದೂ ಅದೇ. ಜೋಡಿ ಕೂಡಿಬಂತು.

ಕಾರಿನ ಕಥೆ ಬೇರೆ. ಬ್ರಿಟನ್ನಿನ ರೋವರ್ ಕಂಪನಿ 1950ರಲ್ಲಿ ಜೆಟ್ 1 ಎಂಬ ಮೊದಲ ಟರ್ಬೈನ್ ಕಾರನ್ನು ತೋರಿಸಿತು. ರಸಿಕರ ಮನಸ್ಸು ಗೆದ್ದದ್ದು ಮಾತ್ರ ಅಮೆರಿಕದ ಕ್ರೈಸ್ಲರ್ ಕಂಪನಿಯ 1963ರ ಟರ್ಬೈನ್ ಕಾರು. ಇಟಲಿಯ ಘಿಯಾ ಕಾರ್ಖಾನೆ ಅದಕ್ಕೆ ಮೈಕಟ್ಟು ಕೊಟ್ಟಿತು. ಕಂಚಿನ ಬಣ್ಣದ ಐವತ್ತು ಕಾರುಗಳನ್ನು 203 ಮಂದಿ ಸಾಮಾನ್ಯ ಚಾಲಕರಿಗೆ ಸರದಿಯಂತೆ ಮೂರು ಮೂರು ತಿಂಗಳು ಓಡಿಸಲು ಕೊಡಲಾಯಿತು. ಡೀಸೆಲ್, ಸೀಮೆಎಣ್ಣೆ, ಯಾವುದಾದರೂ ಸರಿ. ಮೆಕ್ಸಿಕೊದಲ್ಲಿ ಟಕೀಲ ಮದ್ಯವನ್ನೇ ಸುರಿದು ಓಡಿಸಿದ್ದುಂಟು. ಸೀಸ ಬೆರೆಸಿದ ಪೆಟ್ರೋಲ್ ಮಾತ್ರ ಅದಕ್ಕೆ ಒಗ್ಗುತ್ತಿರಲಿಲ್ಲ.

ಈ ಎಂಜಿನ್‌ನ ಅತಿ ಚಂದದ ಭಾಗ ಎರಡು ಚಕ್ರಗಳ ನಡುವಿನ ಖಾಲಿ ಜಾಗ. ಮೊದಲ ಟರ್ಬೈನ್ ಚಕ್ರ ಗಾಳಿ ಒತ್ತುವ ಚಕ್ರವನ್ನು ಓಡಿಸುತ್ತದೆ. ಎರಡನೆಯದು ಗೇರ್‌ಗಳ ಮೂಲಕ ಕಾರನ್ನು ಎಳೆಯುತ್ತದೆ. ಎರಡನ್ನೂ ಕೂಡಿಸುವ ದಂಡವಿಲ್ಲ. ಎರಡು ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರೆ ಇನ್ನೊಂದೂ ಮೆಲ್ಲಗೆ ತಿರುಗತೊಡಗುತ್ತದಲ್ಲ, ಹಾಗೆ. ಕಾರು ನಿಂತಿದ್ದಾಗಲೂ ಮೊದಲ ಚಕ್ರ ನಿಮಿಷಕ್ಕೆ ಸುಮಾರು 20,000 ಸುತ್ತು ಹಾಕುತ್ತಲೇ ಇರುತ್ತದೆ. ಪೂರ್ಣ ವೇಗದಲ್ಲಿ 44,000 ದಾಟುತ್ತದೆ. ಶಿವನಸಮುದ್ರದ ಚಕ್ರಕ್ಕೂ ಚಾಂಪಿಯನ್ ರೀಫ್ಸ್‌ನ ಮಿಲ್ಲಿಗೂ ನಡುವೆ ಇದ್ದದ್ದು ತಂತಿಯೊಂದೇ; ಇಲ್ಲಿ ಅದೂ ಇಲ್ಲ, ಗಾಳಿ ಮಾತ್ರ.

ಇನ್ನು ಕಿವಿಗೊಡಬೇಕು. ಇದೇ ಗಣಿಯೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾಗುವ ಬುಲ್ಡೋಜರಿನ ಡೀಸೆಲ್ ಎಂಜಿನ್ ಗುಡುಗುಡು ಎನ್ನುತ್ತದೆ, ಒಂದೊಂದು ಸ್ಫೋಟವೂ ಬೇರೆ ಬೇರೆ ಕೇಳುತ್ತದೆ. ಟರ್ಬೈನ್ ಕಾರಿನಲ್ಲಿ ಬಡಿತವಿಲ್ಲ, ಶ್ರುತಿ ಮಾತ್ರ. ಕೀಲಿ ತಿರುವಿದಾಗ ಸಣ್ಣ ಸಿಳ್ಳು ಹುಟ್ಟುತ್ತದೆ, ಉರಿ ಹತ್ತಿದಾಗ ಬುಸ್ಸೆನ್ನುವ ಸದ್ದು ಅದರ ಕೆಳಗೆ ಸೇರುತ್ತದೆ, ಎರಡೂ ಒಟ್ಟಿಗೆ ಏರಿ ಒಂದು ಸ್ಥಾಯಿಯಲ್ಲಿ ನಿಲ್ಲುತ್ತವೆ. ರೆಕಾರ್ಡಿಂಗ್ ಕೇಳುವವರು ಈ ಏರಿಕೆಯನ್ನು ಬಿಟ್ಟು ಓಟದ ಸದ್ದಿಗೆ ಹಾರಬಾರದು. ವೇಗವರ್ಧಕ ಒತ್ತಿದ ಮೇಲೆ ಮೊದಲ ಚಕ್ರ ವೇಗ ಕೂಡಿಸಿಕೊಳ್ಳುವವರೆಗೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾಯಬೇಕಿತ್ತು. ಆಮೇಲೆ ಬಲ ಒಮ್ಮೆಲೇ ಹರಿದುಬರುತ್ತಿತ್ತು. ಹಲವು ಚಾಲಕರು ದೂರಿದ್ದು ಈ ತಡವನ್ನೇ. ಪಳಗಿದ ರಸಿಕರಿಗೆ ಅದೇ ಅಚ್ಚುಮೆಚ್ಚು.

ಸೋಲಿನ ಕಾರಣವೂ ಇಷ್ಟರಲ್ಲಿ ತಿಳಿಯುತ್ತದೆ. ಪೇಟೆಯ ಕಾರು ಗಳಿಗೆಗೊಮ್ಮೆ ನಿಲ್ಲಬೇಕು, ಹೊರಡಬೇಕು. ನಿಂತಲ್ಲೂ ಟರ್ಬೈನ್ ಇಂಧನ ಕುಡಿಯುತ್ತದೆ. ಅಪಾರ ಬಿಸಿ ತಾಳುವ ಲೋಹ ದುಬಾರಿ. ಪರೀಕ್ಷೆ ಮುಗಿದ ಮೇಲೆ ಕ್ರೈಸ್ಲರ್ ತನ್ನ ಬಹುಪಾಲು ಕಾರುಗಳನ್ನು ತಾನೇ ನಾಶ ಮಾಡಿಸಿತು. ಮೂಲಮಾದರಿಗಳೂ ಸೇರಿ ಕಟ್ಟಿದ 55ರಲ್ಲಿ ಉಳಿದವು ಒಂಬತ್ತೇ. ಓಟದ ಅಂಕಣದಲ್ಲಿ ಗೆಲುವು ಇನ್ನೂ ಹತ್ತಿರ ಬಂದಿತ್ತು. 1967ರ ಇಂಡಿಯಾನಾಪೊಲಿಸ್ 500 ಸ್ಪರ್ಧೆಯಲ್ಲಿ ಪಾರ್ನೆಲಿ ಜೋನ್ಸ್ ಓಡಿಸಿದ ಟರ್ಬೈನ್ ಕಾರು 200 ಸುತ್ತುಗಳಲ್ಲಿ 171ರಲ್ಲಿ ಮುಂದಿತ್ತು. ಇನ್ನು ಕೆಲವೇ ಸುತ್ತು ಬಾಕಿ ಇದ್ದಾಗ ಗೇರ್ ಪೆಟ್ಟಿಗೆಯ ಒಂದು ಅಗ್ಗದ ಬೇರಿಂಗ್ ಕೈಕೊಟ್ಟಿತು. ಟರ್ಬೈನ್‌ಗೆ ಏನೂ ಆಗಿರಲಿಲ್ಲ.

ಟರ್ಬೈನ್ ಚಕ್ರವನ್ನು ಕಣ್ಣಾರೆ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಚಾಂಪಿಯನ್ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಒಳಗು ಕಾಣುವಂತೆ ಸೀಳಿಟ್ಟ ವಿಮಾನ ಎಂಜಿನ್‌ಗಳಿವೆ. ಅವುಗಳಲ್ಲಿ ಉರಿಯುವ ಕೋಣೆಯ ಹಿಂದಿನ ಚಕ್ರವನ್ನು ಹುಡುಕಬೇಕು. ಅಲಗು ತುಸು ಬಾಗಿದೆ, ತಿರುಚಿದೆ. ಟರ್ಬೈನ್ ಅಲಗುಗಳ ಬುಡವನ್ನು ಸಾಮಾನ್ಯವಾಗಿ ಕಚ್ಚು ಕಚ್ಚಾಗಿ ಕೊರೆದು ಚಕ್ರದ ಅಂಚಿಗೆ ಸೇರಿಸಿರುತ್ತಾರೆ. ಬೆಂಕಿಯ ನಡುವೆ ಆ ಅಲಗು ಕಿತ್ತು ಹಾರದಂತೆ ಹಿಡಿದಿಡುವುದು ಆ ಕಚ್ಚುಗಳೇ.