ಪ್ರಯೋಗ ವಿನ್ಯಾಸವನ್ನು ಚಿತ್ರಿಸುವ ತಂತ್ರಾಂಶಗಳು: ಒಂದು ವಿಮರ್ಶೆ

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಪ್ರಯೋಗ ವಿನ್ಯಾಸವೆಂಬ ವಿಷಯವು ಬಹುಮಟ್ಟಿಗೆ ವೇರಿಯನ್ಸ್ ವಿಶ್ಲೇಷಣೆಯ ಕೋಷ್ಟಕದಿಂದಲೇ ಆರಂಭವಾಗುತ್ತದೆ. ಆ ಕೋಷ್ಟಕವು ಯಾವ ನೆಲದ ಮೇಲೆ ನಿಂತಿದೆಯೆಂಬುದನ್ನು ವಿದ್ಯಾರ್ಥಿಯು ಕಾಣುವುದೇ ಇಲ್ಲ. ಈ ಕೊರತೆಯನ್ನು ನೀಗಿಸುವೆವೆಂದು ಹೇಳುವ ಕೆಲವು ತಂತ್ರಾಂಶಗಳು ಈಚೆಗೆ ಆರ್ ಎಂಬ ಗಣನ ಭಾಷೆಯಲ್ಲಿ ಬಂದಿವೆ. ಅವು ತೋರಿಸುವುದೇನು, ಮರೆಸುವುದೇನು ಎಂಬುದನ್ನು ಒಂದೇ ಉದಾಹರಣೆಯಿಂದ ಪರೀಕ್ಷಿಸಲು ಇಲ್ಲಿ ಯತ್ನಿಸಿದ್ದೇವೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಫ್ರಾಂಕ್ ಯೇಟ್ಸ್ 1935ರಲ್ಲಿ ಪ್ರಕಟಿಸಿದ ಓಟ್ಸ್ ಪ್ರಯೋಗವು ಅಧ್ಯಾಪಕರೆಲ್ಲರಿಗೂ ಪರಿಚಿತವೇ. 6 ಖಂಡಗಳು; ಪ್ರತಿ ಖಂಡದಲ್ಲಿ 3 ತಾಕುಗಳು; ತಾಕಿಗೊಂದರಂತೆ 3 ತಳಿಗಳು. ಪ್ರತಿ ತಾಕನ್ನೂ 4 ಉಪತಾಕುಗಳಾಗಿ ಸೀಳಿ, ಸಾರಜನಕದ 4 ಪ್ರಮಾಣಗಳನ್ನು ಅವಕ್ಕೆ ಹಂಚಲಾಯಿತು. ಒಟ್ಟು 72 ಇಳುವರಿಗಳು. ತಳಿಗಳನ್ನು ಹಂಚಿದ್ದು ತಾಕುಗಳಿಗೆ, ಗೊಬ್ಬರವನ್ನು ಹಂಚಿದ್ದು ಉಪತಾಕುಗಳಿಗೆ. ಆದ್ದರಿಂದ ತಳಿಗಳ ವ್ಯತ್ಯಾಸವನ್ನು ತಾಕುಗಳ ದೋಷದೊಡನೆಯೇ ಹೋಲಿಸಬೇಕು. ಹಾಗೆ ಹೋಲಿಸಿದರೆ ಎಫ್ ಅನುಪಾತವು ಸುಮಾರು 1.49, ಶೇಕಡಾ 5ರ ಮಟ್ಟದಲ್ಲಿ ಬೇಕಾದದ್ದು 4.10. ತಳಿಗಳಲ್ಲಿ ಭೇದವಿದೆಯೆಂದು ಹೇಳಲು ಆಧಾರವಿಲ್ಲ. ಈ ಎರಡು ಹಂತಗಳನ್ನು ಮರೆತು, 10 ಮತ್ತು 45 ಸ್ವಾತಂತ್ರ್ಯಾಂಶಗಳ ಎರಡು ದೋಷಗಳನ್ನು ಒಂದಾಗಿ ಕಲಸಿಬಿಟ್ಟರೆ ಅದೇ ಅನುಪಾತವು ಸುಮಾರು 3.5ಕ್ಕೆ ಏರುತ್ತದೆ, ಬೇಕಾದದ್ದು 3.2ರ ಸಮೀಪಕ್ಕೆ ಇಳಿಯುತ್ತದೆ. ಅದೇ ಅಂಕಿಗಳಿಂದ, ಒಂದು ತಳಿ ಮತ್ತೊಂದಕ್ಕಿಂತ ಮೇಲೆಂದು ರೈತನಿಗೆ ಹೇಳಿಕಳಿಸುವ ತೀರ್ಮಾನ ಹೊರಡುತ್ತದೆ! ವಿನ್ಯಾಸದ ರಚನೆಯನ್ನು ಕಣ್ಣಿಗೆ ಕಾಣಿಸಬೇಕೆಂಬ ಹಂಬಲವು ಬರಿಯ ಅಲಂಕಾರದ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಕೆವಿನ್ ರೈಟ್ ಅವರ ‘ಡೆಸ್‌ಪ್ಲಾಟ್’ ಹೊಲದ ನಕ್ಷೆಯನ್ನು ಬಿಡಿಸುತ್ತದೆ. ಖಂಡಗಳಿಗೆ ಬಣ್ಣ, ಎಲ್ಲೆಗಳಿಗೆ ದಪ್ಪ ಗೆರೆ, ತಳಿಗೆ ಅಕ್ಷರ, ಗೊಬ್ಬರಕ್ಕೆ ಆ ಅಕ್ಷರದ ಬಣ್ಣ. ಒಂದೇ ತಳಿಯ ಹೆಸರು ಅಕ್ಕಪಕ್ಕದ ನಾಲ್ಕು ಚೌಕಗಳಲ್ಲಿ ಗುಂಪುಗೂಡಿರುವುದು ಕೂಡಲೆ ಕಣ್ಣಿಗೆ ಬೀಳುತ್ತದೆ. ಇದು ದೊಡ್ಡ ಉಪಕಾರ. ಆದರೆ ಆ ಗುಂಪುಗೂಡಿಕೆಯ ಫಲವೇನೆಂಬ ವಿಷಯದಲ್ಲಿ ನಕ್ಷೆಯು ಮೂಕ. (ಕಪ್ಪು ಬಿಳುಪಿನಲ್ಲಿ ಅಚ್ಚಾದ ಪ್ರತಿಯಲ್ಲಿ ಗೊಬ್ಬರವೂ ಮಾಯವಾಗುತ್ತದೆ.)

ಹಾಸೆ ಚಿತ್ರದ ಮಾರ್ಗ ಬೇರೆ. ಜರ್ಮನ್ ಗಣಿತಜ್ಞ ಹೆಲ್ಮುಟ್ ಹಾಸೆಯ ಹೆಸರಿನ ಈ ಚಿತ್ರವನ್ನು ಆರ್. ಎ. ಬೇಲಿ ಅವರು 2008ರ ತಮ್ಮ ಪ್ರಯೋಗ ವಿನ್ಯಾಸದ ಗ್ರಂಥದಲ್ಲಿ ಬಹು ಚೆನ್ನಾಗಿ ಬಳಸಿದ್ದಾರೆ. ಇಲ್ಲಿ ಹೊಲವಿಲ್ಲ, ಬಿಂದುಗಳೂ ಗೆರೆಗಳೂ ಮಾತ್ರ. ಖಂಡದ ಕೆಳಗೆ ತಾಕು, ಅದರ ಕೆಳಗೆ ಉಪತಾಕು. ಪಕ್ಕದಲ್ಲಿ ಮಟ್ಟಗಳ ಸಂಖ್ಯೆ 6, 18, 72, ಅವುಗಳ ಸ್ವಾತಂತ್ರ್ಯಾಂಶ 5, 12, 54. ನಕ್ಷೆಯು ಹೇಳದೆ ಬಿಟ್ಟುದನ್ನೆಲ್ಲ ಇದು ಹೇಳುತ್ತದೆ. ಕೈಯಿಂದ ಬಿಡಿಸುವಾಗ ಒಂದೊಂದು ಗೆರೆಗೂ ‘ಇದು ಅದರೊಳಗೆ ಅಡಕವೇ?’ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕಾಗುತ್ತದೆ. ಯಂತ್ರವು ದತ್ತಾಂಶವನ್ನು ನೋಡಿ ತಾನೇ ಬಿಡಿಸಿದಾಗ ಈ ಪ್ರಶ್ನೆಗೆ ಉತ್ತರಿಸುವುದು ತಾಕುಗಳಿಗೆ ಅಂಟಿಸಿದ ಚೀಟಿಗಳು. ಪ್ರತಿ ಖಂಡದ ತಾಕುಗಳನ್ನೂ ಮತ್ತೆ ಮತ್ತೆ 1, 2, 3 ಎಂದು ಗುರುತಿಸಿದ್ದರೆ, ಆರು ಖಂಡಗಳ ಒಂದನೆಯ ತಾಕುಗಳೆಲ್ಲ ಒಂದೇ ಜಾತಿಯವೆಂದು ಯಂತ್ರ ಬಗೆಯುತ್ತದೆ. ಆಗ 12 ಎಂಬುದು 2 ಮತ್ತು 10 ಎಂದು ಒಡೆಯುತ್ತದೆ. ತಳಿಗೂ ಅದರ ದೋಷಕ್ಕೂ ಸಲ್ಲುವ ಸಂಖ್ಯೆಗಳು ಅವೇ ಆದುದರಿಂದ ತಪ್ಪು ಚಿತ್ರವು ತಪ್ಪೆಂದು ತೋರುವುದೇ ಇಲ್ಲ.

ಸೈಮನ್ ಬೇಟ್ ಮತ್ತು ಮೇರಿಯನ್ ಚಾಟ್‌ಫೀಲ್ಡ್ ಅವರು 2016ರಲ್ಲಿ ಸೂಚಿಸಿದ ವಿಧಾನವು ಇದಕ್ಕೆ ಅರ್ಧ ಪರಿಹಾರವನ್ನಾದರೂ ಕೊಡುತ್ತದೆ. ಪ್ರಯೋಗವನ್ನು ಹರಡಿದ ಬಗೆಗೆ ಒಂದು ಚಿತ್ರ. ಯಾವುದನ್ನು ಯಾವುದಕ್ಕೆ ಯಾದೃಚ್ಛಿಕವಾಗಿ ಹಂಚಲಾಯಿತೆಂಬುದನ್ನು ಸೇರಿಸಿಕೊಂಡ ಬಳಿಕ ಇನ್ನೊಂದು. ಎರಡನೆಯದಕ್ಕೆ ಬೇಕಾದ ಸಂಗತಿಯು ಅಂಕಿಗಳಲ್ಲಿ ಇಲ್ಲ, ಪ್ರಯೋಗ ನಡೆಸಿದವನ ತಲೆಯಲ್ಲಿದೆ, ಅವನನ್ನು ಕೇಳಲೇಬೇಕು.

ಎಮಿ ತನಾಕಾ ಅವರ ‘ಎಡಿಬಲ್’ ಕೇಳುವುದನ್ನೇ ಮೊದಲ ಕೆಲಸವಾಗಿಸಿಕೊಂಡಿದೆ. ಇಳುವರಿ ಬರುವುದಕ್ಕೆ ಮುಂಚೆಯೇ ಖಂಡ, ತಾಕು, ಉಪತಾಕುಗಳನ್ನೂ ಉಪಚಾರಗಳನ್ನೂ ಹೆಸರಿಸಿ, ‘ತಳಿಯು ತಾಕಿಗೆ, ಗೊಬ್ಬರವು ಉಪತಾಕಿಗೆ’ ಎಂದು ಬರೆದುಕೊಡಬೇಕು. ಅನಂತರವೇ ಹಂಚಿಕೆ, ಅದರ ಜಾಲಚಿತ್ರ. ಕಡೆಗೆ ಕೋಷ್ಟಕವನ್ನು ಪಡೆಯುವ ಆಜ್ಞೆಯ ಹೆಸರು ‘ಬಡಿಸು’ ಎಂಬರ್ಥದ್ದು. ಅಡುಗೆಮನೆಯ ಈ ವಿನೋದ ಎಲ್ಲರಿಗೂ ರುಚಿಸಲಾರದು. ತಪ್ಪಾಗಿ ಬರೆದುಕೊಟ್ಟರೆ ಇದೂ ತಪ್ಪನ್ನೇ ಅಂದವಾಗಿ ಬಿಡಿಸುತ್ತದೆ. ಆದರೂ ಆ ತಪ್ಪು ಒಂದು ವಾಕ್ಯವಾಗಿ ಹಾಳೆಯ ಮೇಲೆ ಉಳಿದಿರುತ್ತದೆ. ಅಧ್ಯಾಪಕನು ಅದರ ಮೇಲೆ ಬೆರಳಿಟ್ಟು ತೋರಿಸಬಹುದು. ಮೂರರಲ್ಲಿ ಇದನ್ನೇ ತರಗತಿಗೆ ಮೊದಲು ಒಯ್ಯತಕ್ಕದ್ದೆಂದು ನಮ್ಮ ಅಭಿಪ್ರಾಯ. ಹಾಸೆ ಚಿತ್ರವನ್ನು ಮಾತ್ರ ಒಂದೆರಡು ವಾರ ಸೀಮೆಸುಣ್ಣದಿಂದಲೇ ಬಿಡಿಸಲಿ.